ಮೋಟರ್‌ಹೋಮ್ ಬಾಗಿಲು: ಹೊಸ ಲಾಕ್ ಹಾಕೋದಾ, ಇಲ್ಲ ಮೊದಲು ಬೇರೆ ಏನಾದ್ರೂ ಸರಿ ಮಾಡೋದಾ?

ಗಾಲಿಮನೆ:
ಎಲ್ರಿಗೂ ನಮಸ್ಕಾರ. ಸೆಕೆಂಡ್ ಹ್ಯಾಂಡ್ ಮೋಟರ್‌ಹೋಮ್ ತಗೊಂಡಿದೀವಿ, ಒಳಗಡೆ ಎಲ್ಲಾ ಚೆನ್ನಾಗಿದೆ, ಆದ್ರೆ ಹತ್ತಿ ಇಳಿಯೋ ಬಾಗಿಲ ಮೇಲೆ ಮಾತ್ರ ನಂಬಿಕೆನೇ ಬರ್ತಿಲ್ಲ. ಹ್ಯಾಂಡಲ್ ಲೊಡಲೊಡ ಅಂತ ಅಲ್ಲಾಡುತ್ತೆ, ಧಡ್ ಅಂತ ಹಾಕಿದ್ರೇನೇ ಮುಚ್ಚುತ್ತೆ, ಗುಂಡಿ ಇರೋ ರಸ್ತೆಲಿ ಹೋದ್ರೆ ಬಾಗಿಲ ಕಡೆಯಿಂದ ಕಟಕಟ ಸದ್ದು. ಹೊರಗಡೆ ಮಡಚೋ ಥರದ ಹಿಡಿಕೆ ಒಂದಿದೆ, ನಮ್ಮಮ್ಮಂಗೆ ಮಂಡಿ ನೋವು, ಹತ್ತೋವಾಗ ಪೂರ್ತಿ ಭಾರ ಅದ್ರ ಮೇಲೇ ಬಿಡ್ತಾರೆ, ಅದೂ ಸ್ವಲ್ಪ ಸಡಿಲ ಇದೆ ಅನ್ಸುತ್ತೆ. ನಂಬರ್ ಒತ್ತಿ ತೆಗೆಯೋ ಕೀಪ್ಯಾಡ್ ಲಾಕ್ ಹಾಕ್ಸೋಣ ಅಂತ ಮನೇಲಿ ಎಲ್ರೂ ಹೇಳ್ತಿದಾರೆ. ಅದೊಂದು ಹಾಕಿದ್ರೆ ಸಾಕಾ? ಮೆಕ್ಯಾನಿಕ್ ಹತ್ರ ಹೋಗ್ದೆ ನಾವೇ ಮಾಡ್ಕೊಳೋ ಅಂಥದ್ದು ಏನೇನಿದೆ ಹೇಳಿ.

ಸ್ಕ್ರೂಮಾವ:
ಕೀಪ್ಯಾಡ್ ಆಮೇಲೆ ನೋಡೋಣ, ಮೊದ್ಲು ಸ್ಕ್ರೂಡ್ರೈವರ್ ತಗೊಳಿ. ಈ ಗಾಡಿಗಳ ಬಾಗಿಲು ಮನೆ ಬಾಗಿಲಿನ ಥರ ಗಟ್ಟಿ ಮರದ್ದಲ್ಲ, ಸಾಮಾನ್ಯವಾಗಿ ಅಲ್ಯೂಮಿನಿಯಂ ಫ್ರೇಮು, ಮಧ್ಯೆ ಫೋಮು, ಎರಡೂ ಕಡೆ ತೆಳ್ಳನೆ ಶೀಟು, ಅಷ್ಟೇ. ಅದಕ್ಕೆ ಎಂಥಾ ಒಳ್ಳೆ ಲಾಕ್ ಹಾಕಿದ್ರೂ ಹಿಂಜಿನ ಸ್ಕ್ರೂ, ಚೌಕಟ್ಟಲ್ಲಿ ಲಾಕ್ ನಾಲಿಗೆ ಹೋಗಿ ಕೂರೋ ಸ್ಟ್ರೈಕ್ ಪ್ಲೇಟು ಸಡಿಲ ಇದ್ರೆ ಪ್ರಯೋಜನ ಇಲ್ಲ. ನಿಮ್ಮ ಕಟಕಟ ಸದ್ದು ಅಲ್ಲಿಂದಾನೇ ಬರ್ತಿರೋ ಸಾಧ್ಯತೆ ಜಾಸ್ತಿ.

ಗಾಡಿನ ಸಮತಟ್ಟಾದ ಜಾಗದಲ್ಲಿ ನಿಲ್ಸಿ, ಇದು ಮುಖ್ಯ, ಯಾಕಂದ್ರೆ ಒಂದು ಚಕ್ರ ಏರಲ್ಲಿ ನಿಂತಿದ್ರೆ ಇಡೀ ಬಾಡಿ ಸ್ವಲ್ಪ ತಿರುಚ್ಕೊಂಡು ಬಾಗಿಲ ಚೌಕಟ್ಟು ಓರೆ ಆಗುತ್ತೆ, ಆಗ ಅಡ್ಜಸ್ಟ್ ಮಾಡಿದ್ದು ಮಟ್ಟದ ಜಾಗಕ್ಕೆ ಬಂದ್ಮೇಲೆ ತಪ್ಪಾಗುತ್ತೆ. ಆಮೇಲೆ ಬಾಗಿಲ ಸಂದಿಗೆ ಒಂದು ಕಾಗದದ ಪಟ್ಟಿ ಇಟ್ಟು ಮುಚ್ಚಿ ಎಳೀರಿ, ಸುತ್ತಲೂ ಹೀಗೇ ನೋಡ್ತಾ ಹೋಗಿ. ಬಿಗಿಯಾಗಿ ಬಂದ್ರೆ ಅಲ್ಲಿ ಅಂಚಿನ ರಬ್ಬರ್ ಸೀಲ್ ಒತ್ತಿ ಕೂತಿದೆ, ಸಲೀಸಾಗಿ ಜಾರಿ ಬಂದ್ರೆ ಗ್ಯಾಪ್ ಇದೆ. ಸ್ಟ್ರೈಕ್ ಪ್ಲೇಟಲ್ಲಿ ತೂತು ಉದ್ದಕ್ಕೆ ಇರುತ್ತೆ, ಸ್ಕ್ರೂ ಸಡಿಲಿಸಿ ಕೂದಲೆಳೆ ಅಷ್ಟು ಸರಿಸಿ ಮತ್ತೆ ನೋಡಿ. ಒಂದೇ ಸಲ ಜಾಸ್ತಿ ಸರಿಸ್ಬೇಡಿ.

ಪವರ್ ಡ್ರಿಲ್ ಹಾಕಿ ಟೈಟ್ ಮಾಡೋಕಂತೂ ಹೋಗ್ಲೇಬೇಡಿ. ತೆಳು ಅಲ್ಯೂಮಿನಿಯಂ, ಥ್ರೆಡ್ ಕ್ಷಣದಲ್ಲಿ ಕಿತ್ಕೊಂಡು ಬರುತ್ತೆ. ಈಗಾಗ್ಲೇ ಸುಮ್ನೆ ಸುತ್ತುತಿರೋ ಸ್ಕ್ರೂ ಇದ್ರೆ ಅದೇ ಅಳತೆದು ಮತ್ತೆ ಹಾಕಿ ಲಾಭ ಇಲ್ಲ, ರಿವೆಟ್ ನಟ್ (ತೆಳು ಶೀಟಿನ ತೂತಲ್ಲಿ ಕಚ್ಚಿ ಕೂರೋ, ಒಳಗೆ ಥ್ರೆಡ್ ಇರೋ ನಟ್) ಕೂರ್ಸಿ ಮೆಷಿನ್ ಸ್ಕ್ರೂ ಹಾಕಿದ್ರೆ ಗಟ್ಟಿ ನಿಲ್ಲುತ್ತೆ. ಲೋಹಕ್ಕೆ ಲೋಹ ಕೂರೋ ಕಡೆ ನೀಲಿ ಥ್ರೆಡ್‌ಲಾಕರ್ (ಸ್ಕ್ರೂ ಅಲ್ಲಾಡಿ ಸಡಿಲ ಆಗ್ದೇ ಇರೋಕೆ ಹಾಕೋ ಅಂಟು) ಒಂದು ಹನಿ ಬಿಡಿ. ಕೆಂಪು ಬೇಡ, ಮುಂದೆ ಬಿಚ್ಚೋಕೆ ಕಾಯಿಸ್ಬೇಕಾಗುತ್ತೆ. ಪ್ಲಾಸ್ಟಿಕ್ ಭಾಗಕ್ಕೆ ತಾಗಿಸ್ಲೇಬೇಡಿ, ಕೆಲವು ಪ್ಲಾಸ್ಟಿಕ್ ಅದ್ರಿಂದ ಬಿರುಕು ಬಿಡುತ್ತೆ.

ಮೆಟ್ಟಿಲುಮಲ್ಲಿ:
ಸ್ಕ್ರೂಮಾವ ಹೇಳಿದ್ದು ಸರಿ, ಆದ್ರೆ ನಂಗೆ ಲಾಕ್‌ಗಿಂತ ನಿಮ್ಮಮ್ಮ ಹಿಡ್ಕೊಳೋ ಹಿಡಿಕೆದೇ ಚಿಂತೆ. ಅದನ್ನ ಇವತ್ತೇ ನೋಡಿ. ಸಡಿಲ ಇದ್ರೆ ಬರೀ ಟೈಟ್ ಮಾಡಿ ಬಿಡೋದಲ್ಲ, ಬಿಚ್ಚಿ ಸ್ಕ್ರೂ ಎಲ್ಲಿಗೆ ಕಚ್ಕೊಂಡಿದೆ ನೋಡಿ. ಗೋಡೆ ಒಳಗೆ ಮರದ ತುಂಡೋ ಲೋಹದ ಪಟ್ಟಿನೋ ಇದ್ರೆ ಸರಿ, ಬರೀ ಹೊರಗಿನ ತೆಳು ಶೀಟಿಗೆ ಹಾಕಿದ್ರೆ ಯಾವತ್ತೋ ಒಂದಿನ ಕೈಗೇ ಬರುತ್ತೆ. ಬಿಚ್ಚಿದ ಸ್ಕ್ರೂ ತುಕ್ಕು ಹಿಡಿದಿದ್ರೆ ಅಥ್ವಾ ತೂತಿಂದ ಒದ್ದೆ ಮರದ ಪುಡಿ ಬಂದ್ರೆ ನೀರು ಇಳಿದಿದೆ ಅಂತ ಅರ್ಥ, ಆಗ ಇನ್ನೂ ಉದ್ದದ ಸ್ಕ್ರೂ ಹಾಕಿ ಮುಚ್ಚಾಕ್ಬೇಡಿ, ಕೊಳೆತ ಮರ ತೆಗೀಲೇಬೇಕು. ವಾಪಸ್ ಕೂರ್ಸೋವಾಗ ಹಿಡಿಕೆ ಬುಡಕ್ಕೆ ನೀರು ಇಳೀದಂತೆ ತಡೆಯೋ ಅಂಟು ಬ್ಯುಟೈಲ್ ಟೇಪ್ ಹಾಕಿ.

ಸರಿ ಮಾಡೋವರ್ಗೂ ಅಮ್ಮಂಗೆ ಒಳಗಿನ ಹಿಡಿಕೆ ಹಿಡ್ಕೊಂಡು ಹತ್ತೋಕೆ ಹೇಳಿ, ಅದೂ ಗಟ್ಟಿ ಇದ್ರೆ ಮಾತ್ರ. ಬಾಗಿಲನ್ನ ಹಿಡ್ಕೊಂಡು ಹತ್ತೋ ಅಭ್ಯಾಸ ಯಾರಿಗಾದ್ರೂ ಇದ್ರೆ ಬಿಡ್ಸಿ, ಹಿಂಜ್ ಹಾಳಾಗೋದೇ ಅದ್ರಿಂದ, ಮೇಲಾಗಿ ಗಾಳಿಗೆ ಬಾಗಿಲು ತಿರುಗಿದ್ರೆ ಆಧಾರಾನೇ ಇರಲ್ಲ. ಗಾಳಿ ಅಂದಾಗ ನೆನಪಾಯ್ತು, ತೆಗೆದ ಬಾಗಿಲನ್ನ ಗೋಡೆಗೆ ಹಿಡಿದಿಡೋ ಪ್ಲಾಸ್ಟಿಕ್ ಕ್ಲಿಪ್ ಇರುತ್ತಲ್ಲ, ಅದು ಬಿಸಿಲಿಗೆ ಒಣಗಿ ಪಟ್ ಅಂತ ಮುರಿಯುತ್ತೆ. ಲೋಹದ್ದು ಹಾಕಿ. ಬೆರಳು ಸಿಕ್ಕೊಳೋದು ಆ ಬಾಗಿಲು ಧಡಾರ್ ಅಂತ ಮುಚ್ಕೊಂಡಾಗಲೇ. ಮೆಟ್ಟಿಲಿಗೆ ಮರಳು ಕಾಗದದ ಥರ ಒರಟು ಇರೋ ಟೇಪು, ಬಾಗಿಲ ಪಕ್ಕ ಆಳು ಬಂದ್ರೆ ಹತ್ಕೊಳೋ ಎಲ್‌ಇಡಿ ಲೈಟು, ಇವೆರಡು ಮಾಡಿದ್ರೆ ರಾತ್ರಿ ಅರ್ಧ ಭಯ ಹೋಗುತ್ತೆ.

ಬೀಗದಕೈ:
ಕೀಪ್ಯಾಡ್ ಬೇಡ ಅಂತ ನಾನು ಹೇಳಲ್ಲ. ಸೆಕೆಂಡ್ ಹ್ಯಾಂಡ್ ಗಾಡಿಗೆ ಲಾಕ್ ಬದಲಾಯಿಸೋದು ಒಳ್ಳೇದೇ, ಹಳೇ ಕೀ ಯಾರ್ಯಾರ ಹತ್ರ ಇದೆಯೋ ಯಾರಿಗ್ಗೊತ್ತು. ಹೊರಗಿನ ಸಾಮಾನು ಡಿಕ್ಕಿಗಳದ್ದು ಇನ್ನೂ ತಮಾಷೆ, ಸಿಎಚ್751 ಅನ್ನೋ ಒಂದೇ ಕೀ ಲೆಕ್ಕ ಇಲ್ಲದಷ್ಟು ಗಾಡಿಗಳಿಗೆ ಆಗುತ್ತೆ. ನಿಮ್ಮ ಕೀ ಮೇಲೆ ಆ ನಂಬರ್ ಇದ್ಯಾ ನೋಡಿ, ಇದ್ರೆ ಆ ಸಿಲಿಂಡರ್‌ಗಳನ್ನೂ ಬದಲಾಯ್ಸಿ.

ಕೀಪ್ಯಾಡ್ ತಗೊಳೋವಾಗ ಎರಡು ವಿಷ್ಯ ನೋಡಿ. ಮಾಮೂಲಿ ಕೀಲೂ ತೆಗೆಯೋಕೆ ಆಗ್ಬೇಕು, ಒಳಗಿಂದ ಕೀ ಇಲ್ದೆ ಬ್ಯಾಟರಿ ಇಲ್ದೆ ಕೈಯಲ್ಲೇ ತೆಗೆಯೋ ಹಾಗಿರ್ಬೇಕು. ಬೆಂಕಿ ಬಿದ್ರೆ ಕತ್ತಲಲ್ಲಿ ಹೊಗೆಯಲ್ಲಿ ಕೀ ಹುಡುಕ್ತಾ ಕೂರೋಕಾಗಲ್ಲ. ಅದೇ ಕಾರಣಕ್ಕೆ ಹೊರಗಡೆ ಚಿಲಕ ಹಾಕಿ ಪ್ಯಾಡ್‌ಲಾಕ್ ಜಡಿಯೋ ಐಡಿಯಾ ನಂಗೆ ಸ್ವಲ್ಪಾನೂ ಇಷ್ಟ ಇಲ್ಲ, ಒಳಗೆ ಯಾರೋ ಮಲಗಿರೋವಾಗ ಇನ್ಯಾರೋ ಹಾಕ್ಬಿಟ್ರೆ ಮುಗೀತು. ಇನ್ನು ಬ್ಯಾಟರಿ, ಚಳಿ ಜಾಗಕ್ಕೆ ಹೋಗೋರಾದ್ರೆ ಆಲ್ಕಲೈನ್ ಬೇಗ ಸೋಲುತ್ತೆ. ಲಿಥಿಯಂ ತಡ್ಕೊಳುತ್ತೆ, ಆದ್ರೆ ಲಾಕ್ ಕಂಪನಿಯವ್ರು ಹಾಕ್ಬೋದು ಅಂದಿದಾರಾ ನೋಡ್ಕೊಳಿ. ಲಾಕ್ ತೂತಿಗೆ ಅಡುಗೆ ಎಣ್ಣೆ ಗಿಣ್ಣೆ ಬಿಡ್ಬೇಡಿ, ಧೂಳು ಅಂಟಿ ಕೆಸರಾಗುತ್ತೆ, ಒಣ ಗ್ರಾಫೈಟ್ ಹಾಕಿ.

ಗಾಲಿಮನೆ:
ತುಂಬಾ ಥ್ಯಾಂಕ್ಸ್. ಕಾಗದ ಇಟ್ಟು ನೋಡ್ದೆ, ಕೆಳಗಡೆ ಲಾಕ್ ಕಡೆ ಮೂಲೆಲಿ ಸುಮ್ನೆ ಜಾರಿ ಬಂತು, ಹಿಂಜಲ್ಲೂ ಕೆಳಗಿನ ಸ್ಕ್ರೂ ಸುತ್ತುತಾ ಇದೆ. ಹಿಡಿಕೆ ನಾಳೆ ಬಿಚ್ತೀನಿ. ಇನ್ನೊಂದು ಡೌಟು, ಗಾಡಿ ಓಡ್ಸೋವಾಗ ಡೆಡ್‌ಬೋಲ್ಟ್, ಅಂದ್ರೆ ಮಾಮೂಲಿ ಲ್ಯಾಚ್ ಜೊತೆಗೆ ತಿರುಗ್ಸಿ ಹಾಕೋ ಗಟ್ಟಿ ಬೋಲ್ಟು, ಹಾಕಿರ್ಬೇಕಾ?

ಸ್ಕ್ರೂಮಾವ:
ಹಾಕ್ಬೇಕು. ಕಾರ್ ಬಾಗಿಲಿಗೆ ಲ್ಯಾಚ್ ಎರಡು ಹಂತದಲ್ಲಿ ಹಿಡಿಯುತ್ತೆ, ಒಂದು ಬಿಟ್ರೂ ಇನ್ನೊಂದು ಇರುತ್ತೆ. ಈ ಬಾಗಿಲುಗಳಲ್ಲಿ ಎಷ್ಟೋ ಕಡೆ ಒಂದೇ ನಾಲಿಗೆ, ಬಾಡಿ ಅಲ್ಲಾಡಿದಾಗ ಅದು ಸ್ಟ್ರೈಕಿಂದ ಜಾರ್ಬೋದು. ಹಿಂಜ್ ಹಿಂದಿನ ಕಡೆ ಇದ್ರಂತೂ ಓಡೋವಾಗ ಗಾಳಿನೇ ಎಳ್ದು ತೆಗೆಯುತ್ತೆ.

ಮೆಟ್ಟಿಲುಮಲ್ಲಿ:
ಇದಕ್ಕೆ ನಾನು ಪೂರ್ತಿ ಒಪ್ಪಲ್ಲ ಮಾವ. ಆಕ್ಸಿಡೆಂಟ್ ಆದ್ರೆ ಹೊರಗಿನೋರು ಬಾಗಿಲು ತೆಗೆಯೋದು ಹೇಗೆ? ಡ್ರೈವರ್ ಪಕ್ಕ ಬೇರೆ ಬಾಗಿಲು ಇರೋ ಗಾಡಿ ಆದ್ರೆ ಪರ್ವಾಗಿಲ್ಲ, ಕೆಲವು ದೊಡ್ಡ ಗಾಡಿಗಳಿಗೆ ಇದೊಂದೇ ಬಾಗಿಲು.

ಬೀಗದಕೈ:
ಇಬ್ರದೂ ಸರಿ, ಆದ್ರೂ ನಾನು ಹಾಕ್ತೀನಿ. ಬಾಗಿಲು ತಾನಾಗೇ ತೆಗೆದ್ಕೊಂಡು ಒರಗಿ ನಿಂತಿರೋರು ಬೀಳೋದು ಹೆಚ್ಚು ಹತ್ತಿರದ ಅಪಾಯ ಅನ್ಸುತ್ತೆ ನಂಗೆ. ಗಾಡಿಲಿ ಎಮರ್ಜೆನ್ಸಿ ಕಿಟಕಿ ಇದ್ರೆ ಒಂದ್ಸಲ ನಿಜವಾಗ್ಲೂ ತೆಗೆದು ನೋಡಿ, ವರ್ಷಗಟ್ಲೆ ತೆಗೀದೇ ಇದ್ರೆ ರಬ್ಬರ್ ಅಂಟ್ಕೊಂಡು ಬಿಟ್ಟಿರುತ್ತೆ. ಒಳಗೆ ಕೂರೋ ಪ್ರತಿಯೊಬ್ರಿಗೂ, ಅಮ್ಮಂಗೂ ಸೇರಿ, ಡೆಡ್‌ಬೋಲ್ಟ್ ಯಾವ ಕಡೆ ತಿರುಗ್ಸಿದ್ರೆ ತೆಗೆಯುತ್ತೆ ಅಂತ ಅವ್ರ ಕೈಯಲ್ಲೇ ಮಾಡ್ಸಿ.

ಗಾಲಿಮನೆ:
ಸರಿ, ಹಿಂಜ್, ಹಿಡಿಕೆ ಮೊದ್ಲು, ಲಾಕ್ ಆಮೇಲೆ. ರಿವೆಟ್ ನಟ್ ಹಾಕೋ ಟೂಲ್ ನನ್ಹತ್ರ ಇಲ್ಲ, ಸ್ನೇಹಿತನ ಹತ್ರ ಕೇಳಿದೀನಿ. ಕಿಟಕಿ ಈಗ್ಲೇ ತೆಗೆಯೋಕೆ ನೋಡ್ದೆ ಬೀಗದಕೈ ಅವ್ರೇ, ಲಿವರ್ ಬಂತು, ಗಾಜು ಮಾತ್ರ ಅಲ್ಲಾಡ್ತಾನೇ ಇಲ್ಲ. ಇದಕ್ಕೇನ್ ಮಾಡೋದು?

ಬೀಗದಕೈ:
ಸ್ಕ್ರೂಡ್ರೈವರ್ ಹಾಕಿ ಮೀಟ್ಬೇಡಿ, ಸೀಲ್ ಹರಿಯುತ್ತೆ. ಒಳಗಿಂದ ಅಂಗೈಲಿ ಕೆಳಗಿನ ಅಂಚಿನ ಉದ್ದಕ್ಕೂ ನಿಧಾನ ಒತ್ತುತಾ ಬನ್ನಿ, ಹೊರಗೆ ಒಬ್ರು ಹಿಡ್ಕೊಂಡು ನಿಂತಿರ್ಲಿ. ಬಿಟ್ಕೊಂಡ ಮೇಲೆ ರಬ್ಬರ್ ಒರೆಸಿ ಸಿಲಿಕೋನ್ ಸ್ಪ್ರೇ ಬಟ್ಟೆಗೆ ಹಾಕಿ ಸವರಿ.