9ನೇ ಕ್ಲಾಸಿನ ಮಗಳಿಗೆ ಶಾಲೆಯ ಇಂಗ್ಲಿಷ್ ಸಾಲುತ್ತಿಲ್ಲ, ಏನು ಮಾಡಲಿ?

ವಿದ್ಯಾನಗರದ ಅಮ್ಮ, ಹುಬ್ಬಳ್ಳಿ

ನಮಸ್ಕಾರ ರೀ ಎಲ್ಲರಿಗೂ. ಮಗಳು ಸ್ಟೇಟ್ ಸಿಲಬಸ್, ಇಂಗ್ಲಿಷ್ ಮೀಡಿಯಂ. ಜೂನ್‌ನಲ್ಲಿ ಪುಸ್ತಕ ಬಂತು, ಕವರ್ ಹಾಕೋ ಮೊದಲೇ ಪೂರ್ತಿ ಓದಿ ಮುಗಿಸಿದಳು. ಈಗ ಇಂಗ್ಲಿಷ್ ಪೀರಿಯಡ್‌ನಲ್ಲಿ ಅವಳಿಗೆ ಕೆಲಸವೇ ಇಲ್ಲ. ಮಿಸ್ ಪ್ರಶ್ನೋತ್ತರ ಬೋರ್ಡ್ ಮೇಲೆ ಬರೀತಾರೆ, ಮಕ್ಕಳು ಇಳಿಸಿಕೊಳ್ಳಬೇಕು. ಒಮ್ಮೆ ತನ್ನದೇ ಮಾತಲ್ಲಿ ಉತ್ತರ ಬರೆದಿದ್ದಕ್ಕೆ ಎರಡು ಮಾರ್ಕ್ಸ್ ಕಟ್, ಪಕ್ಕದಲ್ಲಿ ಕೆಂಪು ಪೆನ್ನಲ್ಲಿ "ನೋಟ್ಸಲ್ಲಿ ಇದ್ದ ಹಾಗೆ ಬರಿ" ಅಂತ. ಒಂದೊಂದು ಕ್ಲಾಸಲ್ಲಿ ಐವತ್ತರ ಮೇಲೆ ಮಕ್ಕಳು, ಅವರ ಕಷ್ಟ ನನಗೂ ಗೊತ್ತು. ಟ್ಯೂಷನ್ ಕೇಳಿದರೆ ಅಲ್ಲೂ ಅದೇ ಆಕ್ಟಿವ್ ವಾಯ್ಸ್, ಪ್ಯಾಸಿವ್ ವಾಯ್ಸ್. ಬೋರ್ಡ್ ಬದಲಿಸೋಣ ಅಂತಾರೆ ಮನೆಯವರು. ನನಗೆ ಇಂಗ್ಲಿಷ್ ಓದೋಕೆ ಬರುತ್ತೆ, ಕಲಿಸೋಕೆ ಬರಲ್ಲ. ಅವಳಿಗೆ ಸ್ವಲ್ಪ ಬೆವರು ಬರುವಂಥ ಕೆಲಸ ಎಲ್ಲಿ ಸಿಗುತ್ತೆ?

ಹಾವೇರಿ ಏಲಕ್ಕಿ

ಬೋರ್ಡ್ ಬದಲಿಸೋ ವಿಚಾರ ಇದ್ದರೆ ಇವತ್ತೇ ತೀರ್ಮಾನ ಮಾಡಿ ಅಕ್ಕಾ. ಸಿಬಿಎಸ್‌ಇ, ಐಸಿಎಸ್‌ಇ ಎರಡರಲ್ಲೂ 9ನೇ ತರಗತಿಯಲ್ಲೇ ರಿಜಿಸ್ಟ್ರೇಷನ್ ಆಗುತ್ತೆ, ಆಮೇಲೆ ಸೀದಾ ಹತ್ತಕ್ಕೆ ಸೇರೋದು ದೊಡ್ಡ ತಲೆನೋವು. ಐಸಿಎಸ್‌ಇಯಲ್ಲಿ ಇಂಗ್ಲಿಷ್‌ಗೆ ಎರಡು ಪೇಪರ್ ನಿಜ, ಒಂದು ಭಾಷೆ, ಇನ್ನೊಂದು ಸಾಹಿತ್ಯ. ಆದರೆ ಇಂಗ್ಲಿಷ್ ಒಂದಕ್ಕೋಸ್ಕರ ಗಣಿತ, ವಿಜ್ಞಾನ ಎಲ್ಲಾ ನಡುವೆ ಬದಲಾಯಿಸ್ತೀರಾ? ನಮ್ಮ ಅಣ್ಣನ ಮಗನಿಗೆ ಹಾಗೆ ಮಾಡಿ ಒಂದು ವರ್ಷ ಮನೆಯಲ್ಲಿ ಯಾರಿಗೂ ನಿದ್ದೆ ಇರಲಿಲ್ಲ. ಅವರ ಮಾದರಿ ಪ್ರಶ್ನೆಪತ್ರಿಕೆಗಳು ನೆಟ್‌ನಲ್ಲಿ ಪುಕ್ಕಟೆ ಸಿಗುತ್ತವೆ, ಅವನ್ನ ಇಳಿಸಿಕೊಂಡು ಮನೆಯಲ್ಲೇ ಬರೆಸಿ.

ಬಸ್ ಪಾಸ್ 22

ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ಹಾಕಿ, ಮೂರು ತಿಂಗಳಲ್ಲಿ ಫುಲ್ ಫ್ಲೂಯೆಂಟ್!

ಗದಗಿನ ಮಾಸ್ತರ

ಮೇಲಿನವರೇ, ಆ ಹುಡುಗಿಗೆ ಮಾತಾಡೋಕೆ ಬರಲ್ಲ ಅಂತ ಯಾರು ಹೇಳಿದರು? ಪ್ರಶ್ನೆ ಓದಿ ಸ್ವಲ್ಪ.

ತಾಯಿ, ನಾನು 31 ವರ್ಷ ಹೈಸ್ಕೂಲಲ್ಲಿ ಇಂಗ್ಲಿಷ್ ಕಲಿಸಿ ರಿಟೈರ್ ಆದವನು. ಕೆಂಪು ಪೆನ್ನಿನ ಪಾಪ ನನಗೂ ಇದೆ. ಮೊದಲು ಒಂದು ವಿಷಯ ನೋಡಿ. ನಿಮ್ಮ ಮಗಳಿಗೆ ಇಂಗ್ಲಿಷ್ ಮೊದಲ ಭಾಷೆಯೋ, ಎರಡನೆಯದೋ? ಎಸ್‌ಎಸ್‌ಎಲ್‌ಸಿಯಲ್ಲಿ ಮೊದಲ ಭಾಷೆಗೆ 125 ಅಂಕ, ಎರಡನೆಯದಕ್ಕೆ 100, ಪುಸ್ತಕವೂ ಬೇರೆ. ಎರಡನೆಯ ಭಾಷೆಯಾಗಿದ್ದರೆ ಮೊದಲ ಭಾಷೆಯ ಪುಸ್ತಕ ಇಳಿಸಿಕೊಡಿ, ಪಠ್ಯಪುಸ್ತಕ ಸಂಘದ ವೆಬ್‌ಸೈಟಲ್ಲಿ ಪಿಡಿಎಫ್ ಇದೆ. ಅದೂ ಸಪ್ಪೆ ಅನಿಸಿದರೆ ಎನ್‌ಸಿಇಆರ್‌ಟಿಯ 11ನೇ ತರಗತಿಯದು ಹಿಡಿಯಲಿ. ಅಲ್ಲಿ ಟಿಪ್ಪಣಿ ಮಾಡೋದು, ಸಾರಾಂಶ, ಪ್ರಬಂಧ ಇದಕ್ಕೆಲ್ಲ ಬೇರೆ ಪಾಠಗಳೇ ಇವೆ.

ಆದರೆ ನನ್ನ ಕೇಳಿದರೆ ನಿಜವಾದ ಬೆವರು ಇರೋದು ಅನುವಾದದಲ್ಲಿ. ದೊಡ್ಡ ಪದ ಜಾಸ್ತಿ ಇರೋ ಪುಸ್ತಕ ಕೊಟ್ಟರೆ ಈ ಮಕ್ಕಳು ಡಿಕ್ಷನರಿ ನೋಡಿ ದಾಟಿಬಿಡ್ತಾರೆ. ಸಣ್ಣ ಪದಕ್ಕೆ ಸಿಕ್ಕಿಹಾಕಿಕೊಳ್ತಾರೆ. ಈ ನಾಲ್ಕು ಸಾಲು ಕೊಟ್ಟು ನೋಡಿ:

ಸುಮ್ನೆ ಬಂದೆ.
ಸುಮ್ನೆ ಕೂತ್ಕೋ.
ಸುಮ್ನೆ ಕೊಟ್ಟನೇನು? ರೊಕ್ಕ ತಗೊಂಡ.
ಅವನನ್ನ ಸುಮ್ನೆ ಬಿಡಲ್ಲ.

ಪದ ಒಂದೇ, ಇಂಗ್ಲಿಷಲ್ಲಿ ನಾಲ್ಕು ಕಡೆ ನಾಲ್ಕು ದಾರಿ ಹುಡುಕಬೇಕು. ಕಾರಣ ಇಲ್ಲದೆ, ಗಲಾಟೆ ಮಾಡದೆ, ಪುಕ್ಕಟೆ, ಶಿಕ್ಷೆ ಕೊಡದೆ. ಇದನ್ನ ಮಾಡಿದ ಹುಡುಗಿಗೆ ಅರ್ಥ ಪದದಲ್ಲಿಲ್ಲ, ವಾಕ್ಯದಲ್ಲಿದೆ ಅಂತ ಯಾರೂ ಪಾಠ ಮಾಡಬೇಕಾಗಿಲ್ಲ. ಆಮೇಲೆ ದಿನಪತ್ರಿಕೆಯ ಒಂದು ಪ್ಯಾರಾ, ಆಮೇಲೆ ಅಜ್ಜಿ ಹೇಳಿದ ಒಂದು ಕಥೆ. ವಾರಕ್ಕೊಂದು ಸಾಕು, ಅದನ್ನೇ ಮೂರು ಸಲ ತಿದ್ದಿ ಬರೀಲಿ.

ಇಂಗ್ಲಿಷ್ ಮುಂದೆ ಬರಲಿ ಅಂತ ಕನ್ನಡ ಮಾತ್ರ ಬಿಡಿಸಬೇಡಿ. ನಮ್ಮ ಕಡೆ ಸವಣೂರಿನಲ್ಲಿ ಹುಟ್ಟಿದ ಗೋಕಾಕರು ಧಾರವಾಡದಲ್ಲಿ ಕಲಿತು ಆಕ್ಸ್‌ಫರ್ಡಿಗೆ ಹೋಗಿ ಬಂದರು, ಇಂಗ್ಲಿಷ್ ಪ್ರೊಫೆಸರ್ ಆದರು, ಎರಡೂ ಭಾಷೆಯಲ್ಲಿ ಬರೆದರು. ಜ್ಞಾನಪೀಠ ಬಂದದ್ದು ಕನ್ನಡಕ್ಕೆ.

ಸಾಧನಕೇರಿ ಹುಡುಗಿ

ನಾನೂ ಅಂಥದ್ದೇ ಹುಡುಗಿ ಆಗಿದ್ದೆ ಆಂಟಿ, ಈಗ ಧಾರವಾಡದಲ್ಲಿ ಬಿಎ ಇಂಗ್ಲಿಷ್. ಸರ್ ಹೇಳಿದ್ದು ಸರಿ, ಆದರೆ ಬರೆದದ್ದನ್ನ ಓದೋರು ಬೇಕಲ್ವಾ? ನನ್ನ ನೋಟ್‌ಬುಕ್ ಎರಡು ವರ್ಷ ಯಾರೂ ನೋಡಲಿಲ್ಲ, ಕೊನೆಗೆ ಬರೆಯೋದೇ ಬಿಟ್ಟೆ. ಅದೇ ಮಿಸ್ ಹತ್ತಿರ ಹೋಗಿ ಪ್ರೀತಿಯಿಂದ ಕೇಳಿ ನೋಡಿ, "ಮಾರ್ಕ್ಸ್ ಬೇಡ, ತಿಂಗಳಿಗೆ ಒಂದು ಪುಟ ಓದಿಕೊಡ್ತೀರಾ" ಅಂತ. ಜಗಳಕ್ಕೆ ಹೋದ ಹಾಗೆ ಹೋಗಬೇಡಿ. ಪರೀಕ್ಷೆಯಲ್ಲಿ ಮಾತ್ರ ನೋಟ್ಸ್ ಹಾಗೇ ಬರೀಲಿ, ಆ ಎರಡು ಮಾರ್ಕ್ಸ್ ಯಾಕೆ ಕಳ್ಕೋಬೇಕು? ಓದೋಕೆ ಪ್ರಾಜೆಕ್ಟ್ ಗುಟೆನ್‌ಬರ್ಗ್ ಇದೆ, ಕಾಪಿರೈಟ್ ಮುಗಿದ ಹಳೆಯ ಪುಸ್ತಕಗಳು ಪುಕ್ಕಟೆ. ಕಾದಂಬರಿ ಬೇಡ, ಸಣ್ಣಕತೆಯಿಂದ ಶುರು ಮಾಡಲಿ. ಹಳೆಯ ಇಂಗ್ಲಿಷಿನ ಉದ್ದುದ್ದ ವಾಕ್ಯ ಮೊದಲು ಬೇಜಾರು ಬರಿಸುತ್ತೆ.

ವಿದ್ಯಾನಗರದ ಅಮ್ಮ, ಹುಬ್ಬಳ್ಳಿ

ಮಾಸ್ತರೇ, ಇಂಗ್ಲಿಷ್ ಎರಡನೆಯ ಭಾಷೆಯೇ. ಇಷ್ಟು ದಿನ ಗೊತ್ತಿದ್ದೂ ಹೊಳೆದಿರಲಿಲ್ಲ ನೋಡಿ. ಮೊದಲ ಭಾಷೆಯ ಪುಸ್ತಕ ಇಳಿಸಿದ್ದೇವೆ, ಬೋರ್ಡ್ ಬದಲಿಸೋ ಮಾತು ಸದ್ಯಕ್ಕೆ ನಿಂತಿದೆ. ಶನಿವಾರ ಮಿಸ್‌ನ ಕಾಣ್ತೀನಿ.

ನಿಮ್ಮ ನಾಲ್ಕು ಸಾಲು ನಿನ್ನೆ ರಾತ್ರಿ ಕೊಟ್ಟೆ. ಹತ್ತು ನಿಮಿಷ ಅಂದುಕೊಂಡಿದ್ದಳು, ಊಟಕ್ಕೆ ಮೂರು ಸಲ ಕರೆದರೂ ಏಳಲಿಲ್ಲ. ನಾಲ್ಕೂ ಆಯ್ತು. ಅಷ್ಟರಲ್ಲಿ ಅವರಜ್ಜಿ ಒಳಗಿಂದ "ಸುಮ್ಸುಮ್ನೆ ಯಾಕೆ ಕೂಗ್ತೀಯೇ ಅದನ್ನ" ಅಂದರು ನನಗೆ. ಈಗ ಅದಕ್ಕೆ ಇಂಗ್ಲಿಷ್ ಏನು ಅಂತ ಕೂತಿದ್ದಾಳೆ. ಹೇಳಿಬಿಡಬೇಡಿ ಮಾಸ್ತರೇ, ಭಾನುವಾರದ ತನಕ ಟೈಮ್ ಕೇಳಿದ್ದಾಳೆ.