ಕೋಟನ್ನು ‘ಟೇಕ್ ಇನ್’ ಮಾಡಿಸುವುದೆಂದರೇನು? ಮಾಡಿಸಿದವರು ಹೇಳಿ

ಪ್ರಶ್ನೆ: ತೂಕ ಇಳಿದ ಮೇಲೆ ಕೋಟು ಸೊಂಟದಲ್ಲೂ ಹೆಗಲಲ್ಲೂ ಸಡಿಲವಾಗಿದೆ. ಇಂಗ್ಲಿಷ್ ಮಾತನಾಡುವ ದರ್ಜಿ ‘ಟೇಕ್ ಇನ್’ ಮಾಡಲೇ ಎಂದರು. ತಲೆಯಾಡಿಸಿ ಬಂದೆ. ನಾನು ಒಪ್ಪಿಕೊಂಡದ್ದಾದರೂ ಏನನ್ನು?

ಸೂಜಿಮೊನೆ: ಹೊಲಿಗೆಯನ್ನು ಒಳಕ್ಕೆ ಸರಿಸಿ ಹಿಡಿಸುವುದು, ಅಷ್ಟೇ. ನನ್ನ ಪ್ಯಾಂಟಿನ ಸೊಂಟವನ್ನು ಹಾಗೆ ಹಿಡಿಸಿದರು. ಹಿಡಿಸಿದ್ದೇ ಹಿಡಿಸಿದ್ದು! ಹಿಂದಿನ ಜೇಬುಗಳೆರಡೂ ಒಂದಕ್ಕೊಂದು ತಾಗುವಂತಾದವು, ಪಕ್ಕದ ಹೊಲಿಗೆ ಹಿಂದಕ್ಕೆ ಓಡಿತು. ಮಿಕ್ಕ ಬಟ್ಟೆಯನ್ನು ಕತ್ತರಿಸಿಯೂ ಬಿಟ್ಟಿದ್ದರು. ಮತ್ತೆ ದಪ್ಪಗಾದಾಗ ‘ಲೆಟ್ ಔಟ್’ ಮಾಡಿ ಎಂದರೆ, ಬಿಡಿಸುವುದಕ್ಕೆ ಒಳಗೆ ಬಟ್ಟೆ ಇರಬೇಡವೇ?

ಹಳೆಕೋಟು: ಕತ್ತರಿಸದಿದ್ದರೆ ಒಳಗೆ ದಪ್ಪವಾಗಿ ಹೊಲಿಗೆ ಉಬ್ಬುತ್ತದೆ. ನನ್ನ ಉಣ್ಣೆ ಕೋಟಿಗೆ ಬೆನ್ನಿನ ನಡುಹೊಲಿಗೆಯನ್ನೂ ಎರಡು ಪಕ್ಕಗಳನ್ನೂ ಹಿಡಿಸಿ, ಮಿಕ್ಕದ್ದನ್ನು ತೆಗೆಸಿದೆ. ಇಂದಿಗೂ ಮೈಗೆ ಸರಿಯಾಗಿ ಕೂರುತ್ತದೆ. ಮತ್ತೆ ದಪ್ಪಗಾಗುವ ಯೋಚನೆಯಲ್ಲೇ ಬಟ್ಟೆ ಹಿಡಿಸುವವರ ವಿಷಯ ಬೇರೆ.

ಸೂಜಿಮೊನೆ: ನನ್ನ ತೂಕ ನಿಮಗೇಕೆ? ಉಬ್ಬಿದ ಹೊಲಿಗೆಯನ್ನು ಇಸ್ತ್ರಿಯಿಂದ ಕೂರಿಸಬೇಕು, ಕತ್ತರಿಯಿಂದಲ್ಲ.

ಪದಪಾಲ: ‘ಟೇಕ್ ಇನ್’ ಎಂದರೆ ಮೋಸಗೊಳಿಸುವುದೂ ಹೌದು. ನನ್ನ ಪಾಲಿಗೆ ಎರಡು ಅರ್ಥಗಳೂ ಒಟ್ಟಿಗೆ ಫಲಿಸಿದವು. ಅಂಗಿಯ ತೋಳು ಉದ್ದವಾಗಿತ್ತು. ಗಿಡ್ಡ ಮಾಡುವುದಕ್ಕೆ ‘ಟೇಕ್ ಅಪ್’ ಎನ್ನಬೇಕು. ಹಾಗೆಯೇ ಹೇಳಿದೆ, ಚೀಟಿಯಲ್ಲಿ ಬರೆದೂ ಕೊಟ್ಟೆ. ಅವರು ತೋಳಿನ ಅಗಲವನ್ನು ಹಿಡಿಸಿ, ಮೊಣಕೈ ಮಡಚಲಾಗದಂತೆ ಮಾಡಿ, ಹಣವನ್ನು ಪೂರ್ತಿ ಎಣಿಸಿಕೊಂಡರು. ಉದ್ದ ಇದ್ದಷ್ಟೇ ಇತ್ತು. ಅಂದ ಹಾಗೆ, ‘ಟೇಕ್ ಇಟ್ ಇನ್’ ಎನ್ನಬೇಕು, ‘ಟೇಕ್ ಇನ್ ಇಟ್’ ತಪ್ಪು.

ಹಳೆಕೋಟು: ಅಳತೆಗೆ ನಿಂತಾಗ ವ್ಯಾಕರಣ ಯಾರಿಗೆ ಬೇಕು? ಪಿನ್ನು ಚುಚ್ಚಿ ತೋರಿಸಿದ್ದರೆ ನಿಮ್ಮ ತೋಳು ಉಳಿಯುತ್ತಿತ್ತು.

ಪದಪಾಲ: ಪ್ರಶ್ನೆ ಕೇಳಿದವರಿಗೆ ಬೇಕಾದದ್ದು ಅರ್ಥ. ನಿಮ್ಮ ಉಣ್ಣೆ ಕೋಟಿನ ಚರಿತ್ರೆಯಲ್ಲ.

ಪ್ರಶ್ನೆ: ನನ್ನ ಕೋಟಿನ ಹೆಗಲು?

ಹಳೆಕೋಟು: ಅದನ್ನು ಮುಟ್ಟಿಸಬೇಡಿ. ತೋಳು ಬಿಚ್ಚಬೇಕು, ಅಸ್ತರಿ ಬಿಚ್ಚಬೇಕು, ಪ್ಯಾಡ್ ತೆಗೆಯಬೇಕು. ಅರ್ಧ ಕೋಟನ್ನು ಹೊಸದಾಗಿ ಹೊಲಿದಂತೆ.

ಸೂಜಿಮೊನೆ: ಮಾಡಿಸಿ ನೋಡಿ ಹೇಳುತ್ತಿದ್ದೀರೋ, ಸುಮ್ಮನೆಯೋ? ನಾನು ಮಾಡಿಸಿದ್ದೇನೆ. ಕೋಟಿಗೆ ಕೊಟ್ಟದ್ದಕ್ಕಿಂತ ಹೆಚ್ಚು ಕೊಟ್ಟೆ, ಆದರೆ ಹೆಗಲು ಸರಿಯಾಯಿತು.

ಹಳೆಕೋಟು: ಜೇಬುಗಳನ್ನು ಅಂಟಿಸಿದ ದರ್ಜಿಯ ಬಳಿಯೇ?

ಸೂಜಿಮೊನೆ: ಬೇರೆಯವರು. ಅವರು ಕತ್ತರಿಸಲಿಲ್ಲ.