"ನಮ್ಮ ವಂಶದ ಹಲ್ಲೇ ಹೀಗೆ" ಅಂತಾರೆ, ನಿಜಾನಾ? ಅನುಭವ ಇದ್ದವರು ಹೇಳಿ

ಮಗಳಿಗೆ ಆರು ತುಂಬಿದೆ. ಹಾಲುಹಲ್ಲುಗಳಲ್ಲಿ ನಾಲ್ಕು ಹುಳುಕಾಗಿವೆ, ಅದರಲ್ಲಿ ಒಂದು ರಾತ್ರಿ ಎದ್ದು ಅಳುವಷ್ಟು ನೋಯುತ್ತೆ. ನನಗೆ ಮೂವತ್ತರೊಳಗೇ ಎರಡು ರೂಟ್ ಕೆನಾಲ್ ಆಗಿದೆ, ಅವರಪ್ಪನ ಬಾಯಲ್ಲೂ ಫಿಲ್ಲಿಂಗೇ ಫಿಲ್ಲಿಂಗ್. "ನಮ್ಮ ವಂಶದ ಹಲ್ಲೇ ಹೀಗಮ್ಮ, ಹೇಗೂ ಬಿದ್ದು ಹೋಗೋ ಹಲ್ಲು, ಬಿಡು" ಅಂತಾರೆ ಅತ್ತೆ. ದಿನಾ ಬೆಳಗ್ಗೆ ತಪ್ಪದೆ ಹಲ್ಲುಜ್ಜಿಸ್ತೀನಿ. ಆದರೂ ಹೀಗ್ಯಾಕೆ? ಇದು ರಕ್ತದಲ್ಲೇ ಬರೋದಾದರೆ ನಾನು ಏನು ಮಾಡೋಕಾಗುತ್ತೆ?

ಇಬ್ಬರು ಮಕ್ಕಳ ತಾಯಿ

ಮೊದಲು ಆ ರಾತ್ರಿ ನೋಯೋ ಹಲ್ಲನ್ನ ನಾಳೆಯೇ ತೋರಿಸಿ. ಏನೂ ತಿನ್ನದೆ, ಮಲಗಿದ ಮೇಲೆ ತಾನಾಗೇ ನೋವು ಶುರುವಾಗುತ್ತೆ ಅಂದರೆ ಸಾಮಾನ್ಯವಾಗಿ ಹುಳುಕು ನರದವರೆಗೆ ಇಳಿದಿರುತ್ತೆ. ಕೆನ್ನೆ ಊದಿಕೊಂಡರೆ, ಜ್ವರ ಬಂದರೆ ನಾಳೆಗೂ ಕಾಯಬೇಡಿ.

"ಬಿದ್ದು ಹೋಗೋ ಹಲ್ಲು" ಅನ್ನೋ ಮಾತನ್ನ ನಂಬಿ ನಾನು ದೊಡ್ಡವನ ಎರಡು ಹಾಲುಹಲ್ಲು ಹಾಗೇ ಬಿಟ್ಟೆ. ಕೊನೆಗೆ ಕೀಳಿಸಬೇಕಾಯ್ತು. ಹಿಂದಿನ ಹಾಲುದವಡೆ ಹಲ್ಲು ಹತ್ತು-ಹನ್ನೆರಡು ವರ್ಷದವರೆಗೆ ಬಾಯಲ್ಲಿ ಇರಬೇಕಾದದ್ದು. ಅದು ಬೇಗ ಹೋದರೆ ಅದರ ಹಿಂದಿನ ಹಲ್ಲು ಆ ಜಾಗಕ್ಕೆ ವಾಲಿಬಿಡುತ್ತೆ, ಆಮೇಲೆ ಹುಟ್ಟೋ ಹಲ್ಲಿಗೆ ಜಾಗವೇ ಇರಲ್ಲ. ಅವನಿಗೀಗ ಹದಿಮೂರು, ಹಲ್ಲಿಗೆ ಕಂಬಿ ಹಾಕಿಸಿದೀವಿ.

ಹುಳುಕು ಹಲ್ಲಿನ ಮನೆತನದವನು

ನಮ್ಮ ಮನೆಯಲ್ಲೂ ಇದೇ ಮಾತು ಕೇಳಿ ಬೆಳೆದವನು ನಾನು. ಅಜ್ಜನಿಗೆ ಐವತ್ತಕ್ಕೇ ಕಟ್ಟಿಸಿದ ಹಲ್ಲು, ಅಪ್ಪನಿಗೂ ಹಾಗೇ. ಮೂರನೇ ರೂಟ್ ಕೆನಾಲ್ ದಿನ ನನ್ನ ಡಾಕ್ಟರನ್ನ ನೇರವಾಗಿ ಕೇಳಿದೆ: "ವಂಶದಿಂದ ಬಂದಿದೆ ಅಂತೀರಲ್ಲ, ಬಂದಿರೋದು ಏನು?" ಅವರು ಕೈಗೆ ಕನ್ನಡಿ ಕೊಟ್ಟು ತೋರಿಸಿದ್ರು. ನನ್ನ ದವಡೆ ಹಲ್ಲಿನ ಮೇಲಿನ ಗೀರುಗಳು ತುಂಬ ಆಳ, ಕಿರಿದು. ಬ್ರಷ್ಷಿನ ಒಂದು ಎಳೆ ಕೂಡ ಒಳಗಿಳಿಯಲ್ಲ. ಮುಂದಿನ ಹಲ್ಲುಗಳು ಒಂದರ ಮೇಲೊಂದು ಹತ್ತಿಕೊಂಡು ನಿಂತಿವೆ. ಹಲ್ಲಿನ ಆಕಾರ, ಒತ್ತೊತ್ತಾಗಿ ನಿಲ್ಲೋದು, ಎನಾಮೆಲ್ (ಹಲ್ಲಿನ ಹೊರಗಿನ ಗಟ್ಟಿ ಪದರ) ಕಟ್ಟೋ ಪ್ರೋಟೀನು, ಜೊಲ್ಲು ಎಷ್ಟು ಬರುತ್ತೆ, ಅದು ಆಮ್ಲವನ್ನ ಎಷ್ಟು ಬೇಗ ತಣಿಸುತ್ತೆ, ಕೊನೆಗೆ ಸಿಹಿ ಎಷ್ಟು ಹಿಡಿಸುತ್ತೆ ಅನ್ನೋದರಲ್ಲೂ ವಂಶವಾಹಿಗಳ ಪಾಲಿದೆ. ಆದರೆ ಸಾಮಾನ್ಯ ಹುಳುಕಿಗೆ ಅಂತ ಒಂದೇ ಒಂದು ಜೀನ್ ಇಲ್ಲ.

ನೀವೂ ಇದನ್ನೇ ಕೇಳಿ. "ವಂಶ" ಅಂದುಬಿಟ್ಟರೆ ಮಾತು ಮುಗಿದು ಹೋಗುತ್ತೆ, "ಗೀರು ಆಳ ಇದೆ" ಅಂದರೆ ಅದಕ್ಕೊಂದು ದಾರಿ ಇದೆ: ಗೀರು ತುಂಬೋ ಸೀಲೆಂಟ್. ಕೊರೆಯೋದಿಲ್ಲ, ಸೂಜಿ ಇಲ್ಲ, ಹಚ್ಚಿ ಬೆಳಕು ಹಿಡಿದು ಗಟ್ಟಿ ಮಾಡ್ತಾರೆ. ನನ್ನ ಮಗನಿಗೆ ನನ್ನದೇ ಆಳದ ಗೀರು. ಏಳನೇ ವರ್ಷಕ್ಕೆ ನಾಲ್ಕು ದವಡೆ ಹಲ್ಲಿಗೆ ಸೀಲೆಂಟ್ ಹಾಕಿಸಿದ್ವಿ, ಈಗ ಹದಿನಾಲ್ಕು, ಆ ನಾಲ್ಕು ಹಲ್ಲಲ್ಲಿ ಒಂದಕ್ಕೂ ಹುಳುಕಿಲ್ಲ.

ಇನ್ನೊಂದು, ಮನೆಯಿಂದ ಬರೋದೆಲ್ಲ ರಕ್ತದಿಂದ ಬರೋದಲ್ಲ. ಹುಳುಕಿಗೆ ಮುಖ್ಯ ಕಾರಣಗಳಲ್ಲೊಂದಾದ ಸ್ಟ್ರೆಪ್ಟೊಕಾಕಸ್ ಮ್ಯೂಟನ್ಸ್ ಅನ್ನೋ ಬ್ಯಾಕ್ಟೀರಿಯಾ ಮಗುವಿಗೆ ಬರೋದು ಹೆಚ್ಚಾಗಿ ಹತ್ತಿರದವರ ಜೊಲ್ಲಿಂದ, ಒಂದೇ ಚಮಚದಿಂದ. ನಿಮ್ಮ ಬಾಯಲ್ಲಿರೋ ಹುಳುಕು ಹಲ್ಲುಗಳನ್ನೂ ಸರಿ ಮಾಡಿಸಿಕೊಳ್ಳಿ ಅಂತ ನಾನು ಹೇಳೋದು ಅದಕ್ಕೇ.

ನಿಮ್ಮ ಪ್ರಶ್ನೆಯಲ್ಲಿ "ದಿನಾ ಬೆಳಗ್ಗೆ" ಅಂತ ಇದೆ. ರಾತ್ರಿ? ನಿದ್ದೆಯಲ್ಲಿ ಜೊಲ್ಲು ತೀರಾ ಕಮ್ಮಿ, ಹಲ್ಲಿಗೆ ಕಾವಲೇ ಇರಲ್ಲ. ಬೆಳಗ್ಗೆ ಒಂದು ದಿನ ತಪ್ಪಿದರೂ ಪರವಾಗಿಲ್ಲ, ರಾತ್ರಿದು ತಪ್ಪಬಾರದು. ಫ್ಲೋರೈಡ್ 1000 ಪಿಪಿಎಂಗಿಂತ (ಹತ್ತು ಲಕ್ಷ ಪಾಲಿಗೆ ಸಾವಿರ ಪಾಲು) ಕಮ್ಮಿ ಇಲ್ಲದ ಪೇಸ್ಟ್, ಬಟಾಣಿ ಕಾಳಿನಷ್ಟು. ಉಜ್ಜಿ ಉಗುಳಲಿ, ನೀರು ಹಾಕಿ ಮುಕ್ಕಳಿಸೋದು ಬೇಡ. ಫ್ಲೋರೈಡ್ ಹಲ್ಲಿನ ಮೇಲೆ ಉಳಿದಷ್ಟೂ ಒಳ್ಳೇದು. ಆಮೇಲೆ ನೀರು ಬಿಟ್ಟು ಬೇರೇನೂ ಬಾಯಿಗೆ ಹೋಗಬಾರದು.

ಉಜ್ಜೋದನ್ನ ನೀವೇ ಮಾಡಿ. ಹಲ್ಲಿನ ಮೇಲೆ ಕಟ್ಟೋ ಬ್ಯಾಕ್ಟೀರಿಯಾದ ಅಂಟು ಪದರಕ್ಕೆ, ಅಂದರೆ ಪಾಚಿಗೆ, ಬಣ್ಣ ಹಿಡಿಸೋ ಮಾತ್ರೆ ಸಿಗುತ್ತೆ. ಮಗ ತಾನೇ "ಚೆನ್ನಾಗಿ" ಉಜ್ಜಿಕೊಂಡು ಬಂದ ಮೇಲೆ ಒಂದು ಅಗಿಸಿದೆ. ಮುಂದಿನ ಹಲ್ಲು ಬೆಳ್ಳಗೇ ಇತ್ತು. ಕೆನ್ನೆ ಎಳೆದು ನೋಡಿದರೆ ಹಿಂದಿನ ಹಲ್ಲುಗಳ ಒಸಡಿನಂಚಿಗೆ ಉದ್ದಕ್ಕೂ ನೇರಳೆ ಪಟ್ಟಿ. ಅವನಿಗಿಂತ ನನಗೆ ಜಾಸ್ತಿ ಗಾಬರಿಯಾಯ್ತು. ಅವತ್ತಿಂದ ಎಂಟು ತುಂಬೋವರೆಗೂ ರಾತ್ರಿ ನಾನೇ ಉಜ್ಜಿದೆ.

ಎನಾಮೆಲ್ ಕಾಯಿಲೆ ಇರುವವಳು

ಮೇಲಿನವರು ಹೇಳಿದ್ದೆಲ್ಲ ಸರಿ, ಆದರೆ ನಿಜವಾಗಿಯೂ ರಕ್ತದಲ್ಲೇ ಬರೋ ಕಾಯಿಲೆಗಳೂ ಇವೆ ಅನ್ನೋದನ್ನ ದಯವಿಟ್ಟು ಮರೀಬೇಡಿ. ನನಗೆ ಅಮೆಲೊಜೆನೆಸಿಸ್ ಇಂಪರ್ಫೆಕ್ಟಾ ಇದೆ. ಎನಾಮೆಲ್ ಕಟ್ಟೋ ಜೀನಿನಲ್ಲೇ ದೋಷ. ನಮ್ಮದು ಎಕ್ಸ್ ಕ್ರೋಮೋಸೋಮಿನಲ್ಲಿರೋ ಜೀನು. ಅಣ್ಣನಿಗೆ ಎಕ್ಸ್ ಒಂದೇ, ನನಗೆ ಎರಡು, ಅದರಲ್ಲೊಂದು ಸರಿಯಾದದ್ದು. ಅಣ್ಣನ ಹಲ್ಲು ಪೂರ್ತಿ ಹಳದಿ-ಕಂದು, ನನ್ನ ಹಲ್ಲಿನಲ್ಲಿ ಮೇಲಿಂದ ಕೆಳಗೆ ಉದ್ದುದ್ದ ಪಟ್ಟೆ: ಒಂದು ಗೀಟು ಸರಿಯಾದ ಎನಾಮೆಲ್, ಪಕ್ಕದ್ದು ತೆಳು. ತಣ್ಣೀರು ಕುಡಿದರೆ ಜುಮ್ ಅನ್ನೋದು ತಲೆಗೇರ್ತಿತ್ತು.

ಹತ್ತನೇ ತರಗತಿಯವರೆಗೂ "ಹಲ್ಲುಜ್ಜಲ್ವಾ?" ಅಂತ ಕೇಳಿಸಿಕೊಂಡಿದೀನಿ. ದಿನಕ್ಕೆ ಮೂರು ಸಲ ಉಜ್ಜುತ್ತಿದ್ದ ಹುಡುಗಿ ನಾನು. ಅದಕ್ಕೇ ಹೇಳ್ತೀನಿ, ಹಲ್ಲು ಹುಟ್ಟುವಾಗಲೇ ಬಣ್ಣಗೆಟ್ಟಿತ್ತಾ, ಉಗುರಲ್ಲಿ ಕೆರೆದರೆ ಉದುರುತ್ತಾ, ಎಲ್ಲ ಹಲ್ಲೂ ಹಾಗೇನಾ ನೋಡಿ. ಹಾಗಿದ್ದರೆ ಮಕ್ಕಳ ಹಲ್ಲಿನ ತಜ್ಞರಿಗೇ ತೋರಿಸಿ. ಬೇಗ ಕ್ಯಾಪ್ ಹಾಕಿದರೆ ಹಲ್ಲು ಉಳಿಯುತ್ತೆ. ಹುಟ್ಟಿದಾಗ ಬೆಳ್ಳಗಿದ್ದು ಆಮೇಲೆ ಕೆಟ್ಟಿದ್ದರೆ ಹೆಚ್ಚಾಗಿ ಇದಲ್ಲ.

ಇನ್ನೊಬ್ಬ ಅಪ್ಪ

ಅಲರ್ಜಿ ಔಷಧಿ ಏನಾದರೂ ಕೊಡ್ತಿದೀರಾ? ಕೆಲವು ಬಾಯಿ ಒಣಗಿಸ್ತವೆ. ಮಕ್ಕಳ ಎಷ್ಟೋ ಸಿರಪ್ಪಿನಲ್ಲಿ ಸಕ್ಕರೆ ಬೇರೆ ಇರುತ್ತೆ. ನಮ್ಮ ಮಗಳಿಗೆ ಅದನ್ನ ಮಲಗಿಸೋ ಮುಂಚೆ, ಹಲ್ಲುಜ್ಜಿ ಆದಮೇಲೆ ಕುಡಿಸ್ತಿದ್ವಿ. ಎರಡು ವರ್ಷ ಯಾರಿಗೂ ಹೊಳೆಯಲಿಲ್ಲ.

ಹಲ್ಲಿನ ಆಸ್ಪತ್ರೆಯಲ್ಲಿ ಕೆಲಸ ಮಾಡಿದವರು

ಸಿಹಿ ಎಷ್ಟು ತಿಂದಳು ಅನ್ನೋದಷ್ಟೇ ಅಲ್ಲ, ಎಷ್ಟು ಸಲ ತಿಂದಳು ಅಂತ ಎಣಿಸಿ. ಒಂದೊಂದು ಸಲ ಸಿಹಿ ಬಾಯಿಗೆ ಬಿದ್ದಾಗಲೂ ಕೆಲವೇ ನಿಮಿಷದಲ್ಲಿ ಪಾಚಿಯೊಳಗಿನ ಪಿಎಚ್ (ಆಮ್ಲದ ಅಳತೆ, ಇಳಿದಷ್ಟೂ ಆಮ್ಲ ಜಾಸ್ತಿ) 5.5ಕ್ಕಿಂತ ಕೆಳಗಿಳಿಯುತ್ತೆ, ಎನಾಮೆಲ್ ಕರಗೋಕೆ ಶುರುವಾಗುತ್ತೆ. ಜೊಲ್ಲು ಅದನ್ನ ಮತ್ತೆ ಮೇಲೆ ತರೋಕೆ ಅರ್ಧ ಗಂಟೆಯಿಂದ ಒಂದು ಗಂಟೆ ಬೇಕು. ಸ್ವೀಡನ್ನಿನ ವಿಪೆಹೋಮ್ ಎಂಬಲ್ಲಿ 1940ರ ದಶಕದಲ್ಲಿ ಬೌದ್ಧಿಕ ಅಂಗವೈಕಲ್ಯ ಇರೋರ ಆಸ್ಪತ್ರೆಯ ರೋಗಿಗಳಿಗೆ ಸಕ್ಕರೆ ಕೊಟ್ಟು ನೋಡಿದ್ರು. ಅವರ ಒಪ್ಪಿಗೆ ಕೇಳದೆ ಮಾಡಿದ್ದು ದೊಡ್ಡ ಅನ್ಯಾಯ, ಅದನ್ನ ಹೇಳದೆ ಇರಬಾರದು. ಊಟದ ಜೊತೆ ಸಕ್ಕರೆ ತಿಂದವರಿಗಿಂತ ಒಂದು ಊಟಕ್ಕೂ ಇನ್ನೊಂದು ಊಟಕ್ಕೂ ನಡುವೆ ಅಂಟು ಟಾಫಿ ತಿಂದವರ ಹಲ್ಲು ಎಷ್ಟೋ ಪಾಲು ಹೆಚ್ಚು ಹಾಳಾಗಿತ್ತು. ಸಿಹಿಯನ್ನ ಊಟದ ಜೊತೆಗೇ ಕೊಟ್ಟು ಮುಗಿಸಿ.

ಇನ್ನು ಆರು ವರ್ಷ ಅಂದ್ರಲ್ಲ, ಇದು ಬಹಳ ಮುಖ್ಯ: ಈಗಲೇ ಹಾಲುಹಲ್ಲಿನ ಹಿಂದೆ, ಯಾವ ಹಲ್ಲೂ ಬೀಳದೆ, ಮೊದಲ ಶಾಶ್ವತ ದವಡೆ ಹಲ್ಲು ಬರುತ್ತೆ. ಅದನ್ನೂ ಹಾಲುಹಲ್ಲು ಅಂದುಕೊಂಡು ಬಿಟ್ಟುಬಿಡೋ ಪೋಷಕರನ್ನ ನಾನು ಎಷ್ಟು ನೋಡಿದೀನೋ. ಪೂರ್ತಿ ಮೇಲೆ ಬರೋಕೆ ತಿಂಗಳುಗಟ್ಟಲೆ ಹಿಡಿಯುತ್ತೆ. ಅಲ್ಲೀವರೆಗೂ ಪಕ್ಕದ ಹಲ್ಲಿಗಿಂತ ತಗ್ಗಲ್ಲಿರುತ್ತೆ, ಬ್ರಷ್ ಅದರ ಮೇಲೆ ತೇಲಿ ಹೋಗುತ್ತೆ. ಬ್ರಷ್ಷನ್ನ ಕೆನ್ನೆ ಕಡೆಯಿಂದ ಅಡ್ಡ ಹಿಡಿದು ಆ ಒಂದು ಹಲ್ಲನ್ನ ಬೇರೆಯಾಗಿ ಉಜ್ಜಿ.

ಪ್ರಶ್ನೆ ಕೇಳಿದವಳು

ಎಲ್ಲರಿಗೂ ತುಂಬ ಧನ್ಯವಾದ. ನಾಳೆ ಬೆಳಗ್ಗೆ ತೋರಿಸೋಕೆ ಸಮಯ ತಗೊಂಡಿದೀನಿ. ರಾತ್ರಿ ಉಜ್ಜಿಸ್ತಿರಲಿಲ್ಲ, ನಿಜ. ಸಿರಪ್ಪೂ ಮಲಗೋ ಮುಂಚೆಯೇ ಕೊಡ್ತಿದ್ದೆ. ಈಗ ಟಾರ್ಚ್ ಹಿಡಿದು ಬಾಯಿ ತೆಗೆಸಿ ನೋಡಿದೆ. ಕೆಳಗೆ ಎಡಗಡೆ, ಕೊನೇ ಹಲ್ಲಿನ ಹಿಂದೆ ಒಸಡು ಸೀಳಿಕೊಂಡು ಎರಡು ಬಿಳಿ ತುದಿ ಕಾಣಿಸ್ತಿವೆ. ಅತ್ತೆಯನ್ನೂ ಕರೆದು ತೋರಿಸಿದೆ.